ಲೋಕೇಶ್ ಚಟರ್ಜಿಗೊಂದು ಸೀಟು

ಹೋದ ತಿಂಗಳು ಸ್ಪೇನ್ ದೇಶದ ಒಬ್ಬ ಗೃಹಸ್ಥರಿಂದ ನನಗೊಂದು ಮೆಸೇಜ್ ಬಂತು. ವಿಷಯ ಇಷ್ಟೇ. ನಾನು, ನನ್ನ ಹೆಂಡತಿ, ಕಮಲಾಪುರದ ನನ್ನ ಭಾವ, ನಮ್ಮ ಕಾಲೇಜಿನ ಶರಣಪ್ಪ ಮತ್ತು ಸೈಬರ್ ಕೆಫೆಯ ನಯೀಮ್, ಈ ಐದೂ ಜನ ಒಬ್ಬನೇ ಮನುಷ್ಯ ಎಂದು ಅವರಿಗೆ ಅನುಮಾನ ಬಂದಿದೆ. ಅಲ್ಲ ಎನ್ನುವುದಾದರೆ ನಾನು ಸಾಬೀತು ಮಾಡಬೇಕು.

ಹೇಗೆ ಮಾಡುತ್ತೀರಿ? ಐವತ್ತರ ಹತ್ತಿರ ಬಂದವನು, ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು, ವಾರಕ್ಕೊಮ್ಮೆ ಪತ್ರಿಕೆಯ ಇದೇ ಅಂಕಣದಲ್ಲಿ ಕುಳಿತು ನಿಮಗೆ ಬುದ್ಧಿ ಹೇಳುವವನು, ತಾನು ತನ್ನ ಹೆಂಡತಿ ಅಲ್ಲ ಎಂದು ಸ್ಪೇನಿನವರಿಗೆ ಹೇಗೆ ತೋರಿಸಿಕೊಡಬೇಕು?

ಮನೆಗೆ ಬಂದು ಸುಧಾಳಿಗೆ ಹೇಳಿದೆ. (ಸುಧಾ ಅಂದರೆ ಮೇಲೆ ಹೇಳಿದ ಹೆಂಡತಿ.) ಅವಳು ಜೋಳದ ಭಕ್ರಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಾವಿಬ್ರೂ ಒಂದೇ ಅಂತ ಇಷ್ಟು ವರ್ಷದಾಗ ನಿಮಗ ಒಮ್ಮೆನೂ ಅನಸಿಲ್ಲ. ಅವರಿಗೆ ಹ್ಯಾಂಗ ಅನಸ್ತು?" ಅಂದಳು.

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಹೇಳದೆ ನನಗೂ ಸಮಾಧಾನವಿಲ್ಲ. ಮೂರು ವಾರವಾಯಿತು, ಕ್ಲಾಸಿನಲ್ಲಿ ಬಹಮನಿ ಸುಲ್ತಾನರ ಪಾಠ ಮಾಡುತ್ತಿದ್ದರೂ ಬಾಯಿ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಯಾವ ಸುಲ್ತಾನನ ನಂತರ ಯಾವ ಸುಲ್ತಾನ ಬಂದ ಎನ್ನುವುದೇ ತಪ್ಪಿ ಹೋಗುತ್ತಿದೆ. ಹುಡುಗರು ತಿದ್ದುವುದಿಲ್ಲ, ಬರೆದುಕೊಳ್ಳುತ್ತಾರೆ. ಅದು ಇನ್ನೂ ಗಾಬರಿ.

ಅದೊಂದು ಆನ್‌ಲೈನ್ ಬಾಸ್ಕೆಟ್‌ಬಾಲ್ ಆಟ. ಆಟ ಅಂದರೆ ನೀವು ಚೆಂಡು ಮುಟ್ಟುವುದಿಲ್ಲ. ಓಡುವುದಿಲ್ಲ. ಬೆವರುವುದಿಲ್ಲ (ಕಲಬುರಗಿಯಲ್ಲಿ ಬೆವರಲು ಆಟವೇನೂ ಬೇಕಾಗಿಲ್ಲ ಬಿಡಿ). ನಿಮಗೊಂದು ಕಾಲ್ಪನಿಕ ತಂಡ ಕೊಡುತ್ತಾರೆ. ಆಟಗಾರರ ಹೆಸರು, ಎತ್ತರ, ವಯಸ್ಸು ಎಲ್ಲವನ್ನೂ ಕಂಪ್ಯೂಟರೇ ಹುಟ್ಟಿಸುತ್ತದೆ. ಯಾರಿಗೆ ಯಾವ ತರಬೇತಿ, ಯಾರು ಆಡಬೇಕು, ಯಾರು ಕೂಡಬೇಕು ಎಂದು ನೀವು ಹೇಳಬೇಕು. ಮ್ಯಾಚ್ ದಿನ ಪರದೆಯ ಮೇಲೆ ಸಾಲುಸಾಲಾಗಿ ಬರುತ್ತ ಹೋಗುತ್ತದೆ: ಇವನು ಎಸೆದ, ತಪ್ಪಿತು, ಅವನು ಹಿಡಿದ. ನೀವು ಓದುತ್ತ ಕೂಡಬೇಕು. ಚಿತ್ರ ಕೂಡ ಇಲ್ಲ.

ಇದರಲ್ಲೇನಿದೆ ಎಂದು ಕೇಳುತ್ತೀರಿ. ಇದರಲ್ಲಿ ಲೋಕೇಶ್ ಚಟರ್ಜಿ ಇದ್ದಾನೆ.

ಕಂಪ್ಯೂಟರಿಗೆ ನಮ್ಮ ದೇಶದ ಹೆಸರುಗಳ ಬಗ್ಗೆ ಏನೂ ತಿಳಿಯುವುದಿಲ್ಲ. ಕೈಗೆ ಸಿಕ್ಕ ಹೆಸರಿಗೆ ಕೈಗೆ ಸಿಕ್ಕ ಅಡ್ಡಹೆಸರು ಸೇರಿಸಿ ಹುಡುಗರನ್ನು ಕಳಿಸುತ್ತದೆ. ಹಾಗೆ ಬಂದವನು ಲೋಕೇಶ್ ಚಟರ್ಜಿ. ಹದಿನೆಂಟು ವರ್ಷ. ಆರು ಅಡಿ ಹನ್ನೊಂದು ಇಂಚು. ಬಂದಾಗ ಅವನಿಗೆ ಚೆಂಡು ಹಿಡಿಯುವುದಕ್ಕೂ ಬರುತ್ತಿರಲಿಲ್ಲ. ಇಂಥವನನ್ನು ಮಾರಿಬಿಡಿ ಎಂದು ಎಲ್ಲರೂ ಹೇಳಿದರು. ನಾನು ಮಾರಲಿಲ್ಲ. ವಾರ ವಾರ ರೀಬೌಂಡ್ ತರಬೇತಿ ಕೊಟ್ಟೆ. ಅಂದರೆ ಗುರಿ ತಪ್ಪಿ ಬೋರ್ಡಿಗೆ ಬಡಿದು ಬರುವ ಚೆಂಡನ್ನು ಹಾರಿ ಹಿಡಿಯುವ ವಿದ್ಯೆ. ಈಗ ಇಡೀ ಭಾರತದಲ್ಲಿ (ಆಟದೊಳಗಿನ ಭಾರತ) ಅವನಷ್ಟು ಚೆನ್ನಾಗಿ ಚೆಂಡು ಹಿಡಿಯುವ ಹುಡುಗ ಇಲ್ಲ. ಆದರೆ ಇಪ್ಪತ್ತೊಂದು ವರ್ಷದವರೆಗಿನವರ ನಮ್ಮ ರಾಷ್ಟ್ರೀಯ ತಂಡಕ್ಕೆ ಅವನನ್ನು ಯಾರೂ ಕರೆಯಲಿಲ್ಲ.

ಆ ಆಟದಲ್ಲಿ ಮೂರು ತಿಂಗಳಿಗೆ ಒಂದು ವರ್ಷ ವಯಸ್ಸಾಗುತ್ತದೆ. ನಮ್ಮ ಲೋಕೇಶನಿಗೆ ಇಪ್ಪತ್ತೊಂದು ಬಂದೇಬಿಟ್ಟಿತು. ಮುಂದಿನ ಸೀಸನ್ನಿಗೆ ಇಪ್ಪತ್ತೆರಡು. ಆಮೇಲೆ ಆ ಬಾಗಿಲು ಮುಚ್ಚಿತೆಂದೇ ಲೆಕ್ಕ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಾಲೇಜಿನಲ್ಲಿದ್ದಾಗ ನಾನೂ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ತಂಡದಲ್ಲಿದ್ದೆ ಅಂದರೆ ಬೆಂಚಿನ ಮೇಲಿದ್ದೆ. ಡಿಗ್ರಿ ಮುಗಿಯುವವರೆಗೂ ಬೆಂಚು. ಒಮ್ಮೆ ರಾಯಚೂರಿನವರ ವಿರುದ್ಧ ಆಡುವಾಗ ನಮ್ಮ ಪಿ.ಟಿ. ಮಾಸ್ತರರು ನನ್ನ ಕಡೆ ತಿರುಗಿ ಲೇಸ್ ಕಟ್ಟಿಕೋ ಅಂದರು. ಕಟ್ಟಿಕೊಂಡೆ. ಎದ್ದು ನಿಂತೆ. ಅಷ್ಟರಲ್ಲಿ ಸೀಟಿ ಊದಿದರು, ಆಟ ಮುಗಿದಿತ್ತು. ಆ ಲೇಸ್ ಬಿಚ್ಚುವಾಗ ಆದ ಸಂಕಟ ನನಗೆ ಇನ್ನೂ ನೆನಪಿದೆ. ಲೋಕೇಶನ ಹೆಸರಿಲ್ಲದ ತಂಡದ ಪಟ್ಟಿ ನೋಡಿದಾಗಲೆಲ್ಲ ಅದೇ ಸಂಕಟ ಆಗುತ್ತಿತ್ತು.

ಹಾಗಾಗಿ ಚುನಾವಣೆಗೆ ನಿಂತೆ.

ಹೌದು, ಆ ಆಟದಲ್ಲಿ ಚುನಾವಣೆಯೂ ಇದೆ. ಯೂತ್ ನ್ಯಾಷನಲ್ ಟೀಮಿನ ಮ್ಯಾನೇಜರ್ ಯಾರಾಗಬೇಕು ಎಂದು ಆಯಾ ದೇಶದಲ್ಲಿ ತಂಡ ಇಟ್ಟುಕೊಂಡವರೇ ಓಟು ಹಾಕುತ್ತಾರೆ. ಭಾರತದಲ್ಲಿ ಹಾಗೆ ತಂಡ ಇಟ್ಟುಕೊಂಡವರು ಎಲ್ಲರೂ ಸೇರಿದರೆ ಒಂದು ಸಿಟಿ ಬಸ್ ತುಂಬೀತು. ಪೈಪೋಟಿಗೆ ಇದ್ದದ್ದು ಇಬ್ಬರೇ. ನಾನು ಮತ್ತು ಕೊಯಮತ್ತೂರಿನ ಒಬ್ಬ. ಅವನ ಅಸಲು ಹೆಸರು ಗೊತ್ತಿಲ್ಲ. ಆಟದಲ್ಲಿ ಡಂಕ್ ರಾಜಾ ಅಂತ ಇಟ್ಟುಕೊಂಡಿದ್ದ.

"ಯುವಕರ ತಂಡಕ್ಕ ನೀವು ನಿಂತೀರಿ?" ಅಂದಳು ಸುಧಾ. "ಆ ಕನ್ನಡಕ ತಗದು ಹೋಗ್ರಿ ಮತ್ತ."

ಚುನಾವಣೆ ಅಂದರೆ ನಮ್ಮ ಭಾಗದವರಿಗೆ ಯಾರೂ ಕಲಿಸಬೇಕಾಗಿಲ್ಲ. ಮೊದಲನೆಯ ಕೆಲಸ ಪ್ರಚಾರವಲ್ಲ. ಮೊದಲನೆಯ ಕೆಲಸ ಸದಸ್ಯರನ್ನು ಮಾಡಿಸುವುದು. ಯಾವ ಸಹಕಾರ ಸಂಘವನ್ನೇ ನೋಡಿ, ಚುನಾವಣೆ ಇನ್ನೂ ದೂರವಿರುವಾಗಲೇ ಅಭ್ಯರ್ಥಿಯ ಬೀಗರು, ನೆಂಟರು, ಹಿತ್ತಲಮನೆಯವರು ಎಲ್ಲರೂ ಸದಸ್ಯರಾಗಿರುತ್ತಾರೆ. ಆಟದಲ್ಲೂ ಒಂದು ಸೀಸನ್ ಹಳೆಯ ತಂಡವಿದ್ದವರಿಗೆ ಮಾತ್ರ ಓಟು. ನಾನು ಆ ನಿಯಮ ಓದಿದ ದಿನವೇ ನನ್ನವರನ್ನೆಲ್ಲ ಸೇರಿಸಿಬಿಟ್ಟೆ.

ಹಾಗೆ ಹುಟ್ಟಿದ್ದು ನಾಲ್ಕು ತಂಡ. ನಮ್ಮ ಓಣಿಯ ಹೆಸರಲ್ಲಿ ಸುಧಾಳ ಗಾಜಿಪುರ ಜೈಂಟ್ಸ್. ಮಹಾಗಾಂವದಿಂದ ದಿನಾ ಬಸ್ಸಿಗೆ ಬಂದು ಹೋಗುವ ನಮ್ಮ ಅರ್ಥಶಾಸ್ತ್ರದ ಶರಣಪ್ಪನ ತೊಗರಿ ಟೈಗರ್ಸ್. ನಯೀಮನ ಸೂಪರ್ ಮಾರ್ಕೆಟ್ ಸುಲ್ತಾನ್ಸ್. ಮತ್ತು ನನ್ನ ಅಕ್ಕನ ಗಂಡ, ರಿಟೈರ್ಡ್ ಹೆಡ್‌ಮಾಸ್ತರು, ಕಮಲಾಪುರದ ಸಂಘವೊಂದರ ಖಾಯಂ ಡೈರೆಕ್ಟರು, ಅವರದು ರೆಡ್ ಬನಾನಾಸ್. (ಊರಿನ ಕೆಂಪು ಬಾಳೆಹಣ್ಣಿನ ಮೇಲೆ ಅವರಿಗಿರುವ ಅಭಿಮಾನ ನಿಮಗೆ ತಿಳಿಯದು.)

ಇವರು ಯಾರೂ ಸುಳ್ಳು ಜನ ಅಲ್ಲ. ಎಲ್ಲರಿಗೂ ಕೈ ಕಾಲು ಇವೆ, ರೇಶನ್ ಕಾರ್ಡ್ ಇದೆ. ಆದರೆ ನೆಟ್ ಇದ್ದದ್ದು ಯಾರ ಮನೆಯಲ್ಲಿ? ಯಾರ ಮನೆಯಲ್ಲೂ ಇಲ್ಲ. ಎಲ್ಲರೂ ಬರುತ್ತಿದ್ದದ್ದು ಸೂಪರ್ ಮಾರ್ಕೆಟ್ ಪೇಟೆಯಲ್ಲಿ, ಬಟ್ಟೆ ಅಂಗಡಿಯ ಮಾಳಿಗೆ ಮೇಲಿರುವ ನಯೀಮನ ಕೆಫೆಗೆ. ಕರೆಂಟ್ ಹೋದರೂ ಅವನಲ್ಲಿ ಇನ್ವರ್ಟರ್ ಇದೆ. ಮೂಲೆಯ ಕಂಪ್ಯೂಟರಿನ ಕೀಬೋರ್ಡ್ ಒಂದೇ ಸರಿಯಾಗಿದೆ, ಉಳಿದವುಗಳಲ್ಲಿ ಒಂದಿಲ್ಲೊಂದು ಅಕ್ಷರ ಏಳುವುದಿಲ್ಲ. ನಮ್ಮ ಕಡೆಯವರು ಯಾರೇ ಬಂದರೂ ನಯೀಮ್ ಆ ಮೂಲೆಗೇ ಕೂಡಿಸುತ್ತಿದ್ದ.

"ಸರ್ ಕಡೆಯವರಿಗೆ ಕಾರ್ನರ್ ಸೀಟ್," ಅನ್ನುತ್ತಿದ್ದ. "ಅದು ರಿಸರ್ವ್ ಅದ."

ಇದೇ ಗೌರವ ಆಮೇಲೆ ಕುತ್ತಿಗೆಗೆ ಬಂತು.

ಪ್ರಚಾರ ಚೆನ್ನಾಗಿಯೇ ನಡೆದಿತ್ತು. ಆಟದ ಫೋರಂನಲ್ಲಿ ಒಂದು ಉದ್ದನೆಯ ಪ್ರಣಾಳಿಕೆ ಬರೆದೆ. ನಮ್ಮ ಯುವಕರಿಗೆ ರಕ್ಷಣಾ ಆಟ ಯಾಕೆ ಬೇಕು, ಎತ್ತರದ ಹುಡುಗರನ್ನು ಹೇಗೆ ಬೆಳೆಸಬೇಕು, ಹೀಗೆ. ಕೆಲವರು ಮೆಚ್ಚಿಕೊಂಡರು. ಆಗ ಯಾರೋ ಪುಣ್ಯಾತ್ಮ ಒಂದು ಪ್ರಶ್ನೆ ಎಸೆದ. ಈ ಮನುಷ್ಯ ನಿಂತಿರುವುದು ತನ್ನ ತಂಡದ ಆ ಎತ್ತರದ ಚಟರ್ಜಿಯನ್ನು ಒಳಗೆ ತೂರಿಸುವುದಕ್ಕೇ ಅಲ್ಲವೇ?

ಹೌದು, ಅದಕ್ಕೇ. ಹಾಗೆಂದು ಹೇಳಿದ್ದರೆ ಏನಾಗುತ್ತಿತ್ತು? ಲೋಕೇಶ ಅರ್ಹ, ಅಂಕಿ ಅಂಶ ನೋಡಿ, ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಉರಿದುಹೋಯಿತು. ಇದೇ ಅಂಕಣದಲ್ಲಿ ಅಳಿಯನಿಗೆ ನೌಕರಿ, ಮಗನಿಗೆ ಟಿಕೆಟ್, ಬೀಗರಿಗೆ ಗುತ್ತಿಗೆ ಎಂದು ಊರಿನವರನ್ನೆಲ್ಲ ಝಾಡಿಸಿದವನು ನಾನು. ನನ್ನನ್ನೇ ಹೀಗಂದರೆ? ಅಲ್ಲಿಯೇ, ನಯೀಮನ ಮೂಲೆಯ ಕೀಬೋರ್ಡಿನಲ್ಲಿ ಟಕಟಕನೆ ಕುಟ್ಟಿಬಿಟ್ಟೆ: ನಾನು ಮ್ಯಾನೇಜರ್ ಆಗಿರುವವರೆಗೆ ನನ್ನ ಸ್ವಂತ ತಂಡದ ಒಬ್ಬ ಆಟಗಾರನನ್ನೂ ಆರಿಸುವುದಿಲ್ಲ.

ಫೋರಂನಲ್ಲಿ ಭಲೇ ಅಂದರು. ಇಂಥವರು ಬೇಕು ಅಂದರು. ನಾನು ಎದೆಯುಬ್ಬಿಸಿಕೊಂಡು ಮೆಟ್ಟಿಲಿಳಿದೆ. ಆಟೋ ಹತ್ತಿದ ಮೇಲೆ ಹೊಳೆಯಿತು, ನಾನು ಈಗ ಲೋಕೇಶನ ಕಾಲು ಕತ್ತರಿಸಿ ಬಂದಿದ್ದೇನೆ.

ಸುಧಾ ಎಲ್ಲ ಕೇಳಿಸಿಕೊಂಡಳು.

"ಮತ್ತ ಈಗ ನಿಂತಿದ್ದು ಯಾಕ್ರಿ?" ಅಂದಳು.

"ತತ್ವ," ಅಂದೆ.

"ಲೋಕ್ಯಾನ ಗತಿ?"

(ತತ್ವ ಎಂದವನಿಗೆ ಎರಡನೆಯ ಪ್ರಶ್ನೆ ಕೇಳಬಾರದು ಎಂದು ಈ ಹೆಂಗಸರಿಗೆ ಯಾವಾಗ ತಿಳಿಯುತ್ತದೆ?) ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಹಾಗಿರಲಿಲ್ಲ, ಕಣದಿಂದ ಹಿಂದೆ ಸರಿಯುವ ಮನಸ್ಸೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ಆಗ ನಾನು ಕೇಳಿಕೊಳ್ಳಲಿಲ್ಲ.

ಓಟು ಹಾಕುವ ವಾರ ಬಂತು. ನನ್ನವರು ನಾಲ್ಕೂ ಜನ ಬಂದು ಮೂಲೆಯಲ್ಲಿ ಕೂತು ಹಾಕಿ ಹೋದರು. ಭಾವ ಕಮಲಾಪುರದಿಂದ ಬಸ್ ಹತ್ತಿ ಬಂದರು, ಕಣ್ಣಿಗೆ ಹಾಕುವ ಔಷಧಿ ತಗೊಂಡರು, ಓಟು ಹಾಕಿದರು, ಮಧ್ಯಾಹ್ನದ ಬಸ್ಸಿಗೆ ಹೋದರು. ಗುಪ್ತ ಮತದಾನ, ನಾನು ಹತ್ತಿರ ಹೋಗಲಿಲ್ಲ. ಕೇಳಿದ್ದಕ್ಕೆ ಎಲ್ಲರದೂ ಒಂದೇ ಉತ್ತರ.

"ನಿಮಗೇರಿ ಸರ್, ಮತ್ಯಾರಿಗೆ?" ಅಂದ ಶರಣಪ್ಪ.

"ಫಿಕರ್ ನಕ್ಕೋ ಸರ್," ಅಂದ ನಯೀಮ್. ಆಮೇಲೆ ನೆನೆದರೆ, ಅವನು ಚಿಂತೆ ಬೇಡ ಅಂದದ್ದು ಅಷ್ಟೇ, ಯಾರಿಗೆ ಹಾಕಿದೆ ಎಂದಲ್ಲ.

ಐದು ಓಟಿನಿಂದ ಸೋತೆ.

ಸೋತದ್ದಕ್ಕೆ ಬೇಸರವಾಯಿತು ಎಂದರೆ ಸಾಲದು. ಎರಡು ದಿನ ನನಗೆ ಊಟ ಸೇರಲಿಲ್ಲ. ಒಂದು ಸಿಟಿ ಬಸ್ಸಿನಷ್ಟು ಜನರ ಚುನಾವಣೆ, ಚಿತ್ರವೂ ಇಲ್ಲದ ಆಟ, ಇಲ್ಲದ ಹುಡುಗರ ತಂಡ. ಆದರೂ ಎದೆಯಲ್ಲಿ ಏನೋ ಕಲ್ಲಿಟ್ಟ ಹಾಗೆ. ಗೆದ್ದ ಡಂಕ್ ರಾಜಾ ಬಹಳ ಸಭ್ಯತೆಯಿಂದ ಮೆಸೇಜ್ ಕಳಿಸಿದ, ನಿಮ್ಮ ಸಲಹೆ ಸದಾ ಬೇಕು ಸರ್ ಎಂದು. ಅದನ್ನು ಓದಿ ಇನ್ನಷ್ಟು ಉರಿಯಿತು.

ಆಗ ಬಂದದ್ದು ಸ್ಪೇನಿನ ಗೃಹಸ್ಥರ ಮೆಸೇಜ್. ಅವರು ಆ ಆಟದ ಗೇಮ್ ಮಾಸ್ಟರ್. ಅಂದರೆ ಪೊಲೀಸು, ಜಡ್ಜು ಎರಡೂ. ಐದು ತಂಡಗಳು ಒಂದೇ ಕಂಪ್ಯೂಟರಿನಿಂದ ನಡೆಯುತ್ತಿವೆ, ಇವೆಲ್ಲ ನಿಮ್ಮ ನಕಲಿ ಖಾತೆಗಳೆಂಬ ಸಂಶಯವಿದೆ, ವಿಚಾರಣೆ ಮುಗಿಯುವವರೆಗೆ ಐದನ್ನೂ ಬಂದ್ ಇಟ್ಟಿದ್ದೇವೆ. ತಪ್ಪು ಸಾಬೀತಾದರೆ ಎಲ್ಲ ತಂಡಗಳನ್ನೂ ಅಳಿಸುತ್ತೇವೆ.

ಅಳಿಸುತ್ತೇವೆ ಅಂದರೆ ಲೋಕೇಶನನ್ನೂ.

ಗೆದ್ದವರ ಮೇಲೆ ಕಳ್ಳ ಓಟಿನ ಆರೋಪ ಬರುವುದನ್ನು ನೀವು ಕೇಳಿದ್ದೀರಿ. ಸೋತವನ ಮೇಲೆ ಬಂದದ್ದು ಇದೇ ಮೊದಲು. ಕೂತು ದೊಡ್ಡ ಉತ್ತರ ಬರೆದೆ. ಅಯ್ಯಾ, ನಮ್ಮಲ್ಲಿ ಕಂಪ್ಯೂಟರ್ ಅಂದರೆ ಮನೆಯ ಕೊಡದಲ್ಲಿರುವ ನೀರಲ್ಲ, ಓಣಿಯ ನಲ್ಲಿ. ಎಲ್ಲರೂ ಅಲ್ಲಿಗೇ ಬರಬೇಕು. ಇನ್ವರ್ಟರ್ ಬಗ್ಗೆ ಬರೆದೆ. ಏಳದ ಅಕ್ಷರಗಳ ಬಗ್ಗೆ ಬರೆದೆ. ಭಾವನವರ ಕಣ್ಣಿನ ಔಷಧಿ ಬಗ್ಗೆಯೂ ಬರೆದೆ. ಬರೆದು ಮುಗಿಸಿ ಓದಿದರೆ ಕಳ್ಳನ ಹೇಳಿಕೆ ಹೇಗಿರುತ್ತದೋ ಹಾಗೇ ಇತ್ತು. ನಿಜ ಹೇಳುವವನ ಹತ್ತಿರ ಇಷ್ಟೊಂದು ವಿವರ ಇರುತ್ತದೆಯೇ ಎಂದು ನನಗೇ ಸಂಶಯ ಬಂತು. ಆದರೂ ಕಳಿಸಿದೆ.

ಆ ವಾರ ಹೇಗೆ ಕಳೆಯಿತೋ. ಕಾಲೇಜು ಬಿಟ್ಟೊಡನೆ ಸೂಪರ್ ಮಾರ್ಕೆಟ್. ಮಾಳಿಗೆ ಹತ್ತುವುದು, ಮೆಸೇಜ್ ಇದೆಯೇ ನೋಡುವುದು, ಇಳಿಯುವುದು. ಕೆಳಗಿನ ಬಟ್ಟೆ ಅಂಗಡಿಯವನು ದಿನಾ ನೋಡಿ ನೋಡಿ, ಮನೆಯಲ್ಲಿ ಮದುವೆ ಇದೆಯೇನ್ರಿ ಎಂದು ಕೇಳಿದ.

ಕಡೆಗೂ ಉತ್ತರ ಬಂತು. ಒಂದೇ ಪ್ಯಾರಾ. ನನ್ನ ಇಂಗ್ಲಿಷಿನ ಬಗ್ಗೆ ನನಗೆ ಸಂಶಯ ಬಂದು ನಾಲ್ಕಾರು ಸಲ ಓದಿದೆ. ನಿಮ್ಮ ವಿವರಣೆ ಓದಿದೆವು, ಅದಕ್ಕಿಂತ ಮುಖ್ಯವಾಗಿ ಆ ಖಾತೆಗಳು ಓಟು ಹಾಕಿದ ರೀತಿ ನೋಡಿದೆವು. ಅವು ನಿಮ್ಮವಾಗಿರಲು ಸಾಧ್ಯವೇ ಇಲ್ಲ ಎಂದು ಮನವರಿಕೆಯಾಯಿತು. ತೊಂದರೆಗೆ ಕ್ಷಮೆ ಇರಲಿ.

ಸಾಧ್ಯವೇ ಇಲ್ಲ.

ಇದಕ್ಕಿಂತ ಗೌರವದ ಬಿಡುಗಡೆ ಉಂಟೇ? ಇದಕ್ಕಿಂತ ದೊಡ್ಡ ಅವಮಾನ ಉಂಟೇ? ತನ್ನನ್ನು ತಾನೇ ಸೋಲಿಸಿಕೊಳ್ಳುವುದಕ್ಕೆ ಯಾರೂ ಕಳ್ಳ ಓಟು ಹಾಕಿಸುವುದಿಲ್ಲ, ಆದ್ದರಿಂದ ನಾನು ನಿರಪರಾಧಿ. ಲೋಕೇಶ ಉಳಿದ. ಖಾತೆ ತೆರೆಯಿತು. ನಾನು ಮಾತ್ರ ಆ ಕುರ್ಚಿಯಿಂದ ಏಳಲಾರದೆ ಕೂತೆ.

ಅಲ್ಲಿಂದ ಲೆಕ್ಕ ಶುರುವಾಯಿತು. ಬೇಡವೆಂದರೂ ತಲೆ ಬಿಡಲಿಲ್ಲ. ನಾಲ್ಕೂ ಓಟು ಡಂಕ್ ರಾಜಾನಿಗೆ ಬಿದ್ದಿದ್ದರೆ? ಅವನ್ನು ಅಲ್ಲಿಂದ ಕಿತ್ತು ನನ್ನ ಕಡೆ ಹಾಕಿ ನೋಡಿದೆ. ಐದರಿಂದ ಸೋತವನು ಮೂರರಿಂದ ಗೆದ್ದೆ. ಅಂದರೆ ನನ್ನನ್ನು ಸೋಲಿಸಿದ್ದು ಕೊಯಮತ್ತೂರು ಅಲ್ಲ. ಗಾಜಿಪುರ, ಮಹಾಗಾಂವ, ಸೂಪರ್ ಮಾರ್ಕೆಟ್, ಕಮಲಾಪುರ.

ಹೆಂಡತಿಯನ್ನು ಹೇಗೆ ಕೇಳುವುದು? ನೀನು ಯಾರಿಗೆ ಓಟು ಹಾಕಿದೆ ಎಂದು ಮನೆಯಲ್ಲಿ ಕೇಳುವ ಗಂಡಸನ್ನು ನಾನೇ ಇಲ್ಲಿ ಒಮ್ಮೆ ಗೇಲಿ ಮಾಡಿದ್ದೇನೆ. ಅಡುಗೆಮನೆ ಬಾಗಿಲಲ್ಲಿ ನಿಂತು ಹೋಗುತ್ತಿದ್ದೆ, ಬರುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಶರಣಪ್ಪನ ಮುಖ ನೋಡಿದೆ. ಅವನು ಡಬ್ಬಿ ತೆರೆದು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮುಂದೆ ಹಿಡಿದ. ತಪ್ಪು ಮಾಡಿದವನು ಹಿಂಡಿ ಕೊಡುತ್ತಾನೆಯೇ? ತಪ್ಪು ಮಾಡುವ ಮೊದಲು ಎಂದಾದರೂ ಕೊಟ್ಟಿದ್ದನೇ? ನಯೀಮನ ಹತ್ತಿರ ಹೋದರೆ ಅವನು ಮೂಲೆಯ ಕೀಬೋರ್ಡ್ ಒರೆಸತೊಡಗಿದ.

"ನಯೀಮ್, ಖರೆ ಹೇಳು."

"ಸರ್, ನನ್ನ ಕೇಳಬ್ಯಾಡ್ರಿ. ಬಡೇ ಮಾಸ್ತರ್ ಸಾಬ್‌ಗೆ ಕೇಳ್ರಿ," ಅಂದ.

ಬಡೇ ಮಾಸ್ತರ್ ಅಂದರೆ ಭಾವ.

ಭಾನುವಾರ ಟೆಂಪೋ ಹಿಡಿದು ಕಮಲಾಪುರಕ್ಕೆ ಹೋದೆ. ಮಹಾಗಾಂವ ಕ್ರಾಸ್ ದಾಟುವವರೆಗೆ ಏನು ಕೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕೋಪದಿಂದ ಕೇಳಬೇಕೋ, ನಗುತ್ತ ಕೇಳಬೇಕೋ? ಅಕ್ಕ ಬಾಗಿಲಲ್ಲೇ ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದು ನಿಂತಿದ್ದಳು, ನಾನು ಬರುವುದು ಗೊತ್ತಿದ್ದವರ ಹಾಗೆ. ಭಾವ ಪೇಪರ್ ಓದುತ್ತಿದ್ದರು.

"ಭಾವ, ಓಟು ಯಾರಿಗೆ ಹಾಕಿದ್ರಿ?"

"ಆ ಕೊಯಮತ್ತೂರಿನಾಂವಗ," ಅಂದರು. ಪೇಪರ್ ಮಡಿಸಲಿಲ್ಲ.

"ನೀವೊಬ್ಬರೇ?"

"ನಾಲ್ಕೂ ಮಂದಿ. ಒಡದು ಹಾಕಿದ್ರ ಏನು ಉಪಯೋಗ?"

ಭಾವ ಕನ್ನಡಕ ತೆಗೆದಿಟ್ಟರು. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟ ದನಿಯಲ್ಲೇ ಹೇಳಿದರು.

"ನೋಡು ರಾಘು. ನೀ ಗೆದ್ದಿ ಅಂತ ಇಟ್ಕೋ. ಲೋಕ್ಯಾ ತಂಡದಾಗ ಇಲ್ಲ. ನೀನೇ ಹಂಗಂತ ಬರದು ಕೊಟ್ಟೀದಿ. ನೀ ಸೋತಿ ಅಂತ ಇಟ್ಕೋ. ಆವಾಗೂ ಆಂವ ಇಲ್ಲ. ಎರಡೂ ಕಡೆ ಹುಡುಗ ಮನ್ಯಾಗೇ ಕೂಡ್ತಾನ. ಅದಕ್ಕ ನಾ ನಯೀಮ್‌ಗ ಹೇಳಿ ಇಂಗ್ಲಿಷಿನಾಗ ಆ ರಾಜಾಗ ಒಂದು ಮಾತು ಬರಸ್ದೆ. ನಾವು ನಾಲ್ಕು ಮಂದಿ ಇದ್ದೀವಿ, ನಮ್ಮ ಹುಡುಗನ್ನ ತಗೊಂತೀಯೇನು ಅಂತ. ಆಂವ ಒಂದು ದಿವಸ ವಿಚಾರ ಮಾಡಿದ. ಹೂಂ ಅಂದ. ಮುಗೀತು."

"ಇದಕ್ಕೇನಂತಾರ ಗೊತ್ತದ ಏನು ಭಾವ?"

"ಹೊಂದಾಣಿಕಿ."

ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಭಾವನವರ ಸಂಘದಲ್ಲಿ ಚುನಾವಣೆ ನಡೆಯುವುದೇ ಹೀಗೆ. ಓಟಿನ ಹಿಂದಿನ ದಿನ ಎರಡೂ ಕಡೆಯ ಹಿರಿಯರು ಚಹಾ ಕುಡಿಯುತ್ತಾರೆ. ನಿಮಗೆ ಅಧ್ಯಕ್ಷಗಿರಿ, ನಮಗೊಂದು ಸೀಟು. ಓಟು ಆಮೇಲಿನ ಶಾಸ್ತ್ರ. ಇದರ ಬಗ್ಗೆ ಹೋದ ವರ್ಷ ನಾನೊಂದು ಖಾರವಾದ ಅಂಕಣ ಬರೆದಿದ್ದೆ, ಹಲವರು ಮೆಚ್ಚಿ ಪತ್ರ ಬರೆದಿರಿ. ಅದನ್ನು ನೆನಪಿಸಿದೆ.

"ಓದೀನಿ," ಅಂದರು ಭಾವ. "ಛಲೋ ಬರದಿದ್ದಿ. ಸಂಘದಾಗ ಎಲ್ಲಾರಿಗೂ ಓದಿ ಹೇಳೀನಿ."

ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೇರೆಯೇ. ನನಗೇ ಗೊತ್ತಿಲ್ಲದ ಹಾಗೆ ಬಾಯಿಂದ ಬಂತು.

"ನನಗ ಮ್ಯಾನೇಜರ್ ಆಗೂ ಆಸೆ ಇತ್ತು ಭಾವ."

ಅಕ್ಕ ಬಾಳೆಹಣ್ಣು ಸುಲಿದು ನನ್ನ ಕೈಗಿಟ್ಟಳು, ನಾನಿನ್ನೂ ಶಾಲೆಗೆ ಹೋಗುವವನೆಂಬಂತೆ.

"ಅದನ್ನ ನೀ ಯಾರ ಮುಂದೂ ಅನಲಿಲ್ಲಲ್ಲೋ," ಅಂದಳು. "ಸುಧಾನೂ ಅದೇ ಹೇಳ್ತಿದ್ದಳು. ಬರೇ ಲೋಕೇಶ, ಲೋಕೇಶ ಅಂತಿದ್ದಿ. ನಾವು ಅದನ್ನೇ ಖರೆ ಅಂತ ತಿಳಕೊಂಡ್ವಿ."

ಟೆಂಪೋದಲ್ಲಿ ವಾಪಸ್ ಬರುವಾಗ ಅದೇ ಮಾತು ಚುಚ್ಚುತ್ತಿತ್ತು. ಲೋಕೇಶನಿಗಾಗಿ ನಿಂತೆ ಎಂದು ಊರಿಗೆಲ್ಲ ಹೇಳಿದೆ. ಲೋಕೇಶನನ್ನು ಬಿಟ್ಟುಕೊಟ್ಟ ಮೇಲೂ ಕಣದಲ್ಲಿ ನಿಂತೇ ಇದ್ದೆ. ಹಾಗಾದರೆ ನಿಂತದ್ದು ಯಾರಿಗಾಗಿ? ಲೇಸ್ ಕಟ್ಟಿಕೊಂಡು ಎದ್ದು ನಿಂತಿದ್ದನಲ್ಲ, ಅವನಿಗಾಗಿ. ಸೇವೆ ಮಾಡಲು ಬಂದಿದ್ದೇನೆ ಎನ್ನುವ ಎಷ್ಟು ಜನರನ್ನು ಕಂಡು ಇಲ್ಲಿ ಕೂತು ನಕ್ಕಿದ್ದೇನೆ ನಾನು. ಬಿಡಿ.

ಮನೆಗೆ ಬಂದೆ. ಸುಧಾ ತಾಟು ಹಾಕಿ ಎದುರಿಗೆ ಕೂತಳು.

"ಶನಿವಾರ ಮ್ಯಾಚ್ ಅದ ಅಂತಲ್ಲ," ಅಂದಳು. "ನಾನೂ ಬರ್ತೀನಿ."

ಶನಿವಾರ ಸಂಜೆ ನಯೀಮನ ಮೂಲೆಯಲ್ಲಿ ಐದೂ ಜನ ಸೇರಿದೆವು. ಭಾವ ಅಕ್ಕನ ಕೈಯ ಅವಲಕ್ಕಿ ಚುಡವಾ ಕಟ್ಟಿಸಿಕೊಂಡು ಬಂದಿದ್ದರು. ಒಂದು ಕಂಪ್ಯೂಟರ್, ಐದು ತಲೆ. ಸ್ಪೇನಿನವರು ನೋಡಿದ್ದರೆ ಮತ್ತೆ ಬಂದ್ ಇಡುತ್ತಿದ್ದರು. ತಂಡದ ಪಟ್ಟಿಯಲ್ಲಿ ಕೊನೆಗೆ ಇತ್ತು: ಎಲ್. ಚಟರ್ಜಿ. ಬೆಂಚು.

ಮೊದಲ ಕ್ವಾರ್ಟರ್ ಮುಗಿಯಿತು. ಬೆಂಚು. ಎರಡನೆಯದು ಮುಗಿಯಿತು. ಬೆಂಚು. ಆ ರಾಜಾ ಮಾತು ಕೊಟ್ಟದ್ದು ತಗೊಳ್ಳುತ್ತೇನೆ ಎಂದು, ಆಡಿಸುತ್ತೇನೆ ಎಂದಲ್ಲವಲ್ಲ? ಭಾವನ ಮುಖವೂ ಸಣ್ಣದಾಗಿತ್ತು.

ಮೂರನೆಯ ಕ್ವಾರ್ಟರಿನ ನಡುವೆ ಒಂದು ಸಾಲು ಬಂತು. ಚಟರ್ಜಿ ಕಣಕ್ಕಿಳಿಯುತ್ತಿದ್ದಾನೆ. ಅದರ ಕೆಳಗೆ ಇನ್ನೊಂದು: ಎದುರಾಳಿಯ ಎಸೆತ ತಪ್ಪಿತು, ಚಟರ್ಜಿ ಎಲ್ಲರಿಗಿಂತ ಮೇಲೆ ಹಾರಿ ಚೆಂಡು ಹಿಡಿದ.

"ಹಿಡದ್ನೇನ್ರಿ?" ಅಂದಳು ಸುಧಾ. ಇಂಗ್ಲಿಷ್ ಓದಲು ಬರದವಳಲ್ಲ. ನನ್ನ ಬಾಯಿಂದ ಕೇಳಬೇಕಾಗಿತ್ತು.

"ಹಿಡದ," ಅಂದೆ.

ಶರಣಪ್ಪ ನನ್ನ ಬೆನ್ನಿಗೆ ಗುದ್ದಿದ. ನಯೀಮ್ ಕೆಳಗಿನಿಂದ ಚಹಾ ತರಿಸಿದ. ಭಾರತ ಆ ಮ್ಯಾಚ್ ಸೋತಿತು, ಅದರ ಕಡೆ ಯಾರಿಗೂ ಗಮನವಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನು ಸೋತದ್ದು, ಇವರು ಸೋಲಿಸಿದ್ದು, ಯಾವುದೂ ನೆನಪಿರಲಿಲ್ಲ.

ನೆನಪಾದದ್ದು ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ.

ಇದು ಓಟಿನ ವ್ಯಾಪಾರ. ಆಟದ ನಿಯಮದಲ್ಲಿ ಇದು ಸ್ಪಷ್ಟವಾಗಿ ತಪ್ಪು, ತೆಗೆದು ನೋಡಿದೆ. ಊರಿನ ಸಂಘದಲ್ಲಾದರೆ ನಾನು ಇಷ್ಟು ಹೊತ್ತಿಗೆ ಹೆಸರು ಹಾಕದೆ ಒಂದು ಅಂಕಣ ಬರೆದು ಮುಗಿಸಿರುತ್ತಿದ್ದೆ. ಇಲ್ಲಿ ಸುಮ್ಮನಿರಲೇ? ಗೇಮ್ ಮಾಸ್ಟರರಿಗೆ ಒಂದು ಸಾಲು ಬರೆದರೆ ಡಂಕ್ ರಾಜಾನ ಪಟ್ಟ ಹೋಗುತ್ತದೆ. ಮರುಚುನಾವಣೆ ಬರುತ್ತದೆ. ನಾಲ್ಕು ಓಟು ಈ ಸಲ ಸರಿಯಾದ ಜಾಗಕ್ಕೆ ಬೀಳುತ್ತವೆ. ನಾನು ಗೆಲ್ಲಬಹುದು. ಲೋಕೇಶ ಮತ್ತೆ ಮನೆಗೆ ಬರುತ್ತಾನೆ, ನನ್ನ ಮಾತಿನ ಪ್ರಕಾರ.

ಹಾಗಾದರೆ ಆ ದೂರು ತತ್ವವೋ, ಹೊಟ್ಟೆಕಿಚ್ಚೋ? ಎರಡನ್ನೂ ತೂಗಿ ನೋಡಿದೆ. ಒಂದೊಂದು ದಿನ ಒಂದೊಂದು ಕಡೆ ವಾಲುತ್ತದೆ. ನಿನ್ನೆ ಬಹಮನಿಗಳ ಪಾಠದ ನಡುವೆ ಅದೇ ಯೋಚನೆ ಹತ್ತಿ ಚಾಕ್‌ಪೀಸ್ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಹುಡುಗರು ಅದನ್ನೂ ಬರೆದುಕೊಂಡರೋ ಏನೋ. (ಸ್ಪೇನಿನವರೂ ಕೊಯಮತ್ತೂರಿನವರೂ ಕನ್ನಡ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇಷ್ಟನ್ನು ನಿಮ್ಮ ಮುಂದೆ ಬಿಚ್ಚಿದ್ದೇನೆ.)

ದೂರು ಬರೆದು ಇಟ್ಟಿದ್ದೇನೆ. ಒಂದು ಗುಂಡಿ ಒತ್ತಿದರೆ ಹೋಗುತ್ತದೆ. ಅಂದಹಾಗೆ ಈ ಶನಿವಾರ ಲೋಕೇಶ ಮೊದಲಿನಿಂದಲೇ ಆಡುತ್ತಾನಂತೆ, ಬೆಂಚಿನಿಂದಲ್ಲ. ನೀವೇ ಹೇಳಿ, ತತ್ವ ಇನ್ನೊಂದು ಶನಿವಾರ ಕಾಯಲಾರದೇ?